ಹೆಬ್ಬೆರಳಿನ ಗುಂಡಿ

ಮೂರನೆಯ ಗರಗಸವನ್ನೂ ವ್ಯಾನ್ ಡ್ರೈವರ್ ಗಾಜಿನ ಕೌಂಟರ್ ಮೇಲೆ ದಢಕ್ಕನೆ ಇಟ್ಟುಬಿಟ್ಟ. ಗಾಜು ಬಿರುಕು ಬಿಟ್ಟಿತೇನೋ ಎಂದು ಅಂಗಡಿಯವನು ಬಗ್ಗಿ ನೋಡಿದ. ಮೊದಲನೆಯದು ಭಾರ, ಎರಡನೆಯದು ಮಕ್ಕಳಾಟಿಕೆ, ಇದಕ್ಕೆ ಹಿಡಿಯೇ ಸರಿಯಿಲ್ಲ ಎಂದು ಡ್ರೈವರ್ ತೀರ್ಪು ಕೊಟ್ಟಾಗಿತ್ತು. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕಣ್ಣು ಪದೇ ಪದೇ ಬಾಗಿಲ ಕಡೆ ಓಡುತ್ತಿತ್ತು. ಪಕ್ಕದಲ್ಲಿದ್ದ ಹೆಂಡತಿ ಕೈಚೀಲವನ್ನು ಎದೆಗವಚಿಕೊಂಡು ಗಂಡನ ಮುಖವನ್ನೇ ನೋಡುತ್ತಿದ್ದಳು, ಗರಗಸವನ್ನಲ್ಲ.

ಬೇಕಾಗಿದ್ದುದು ದೊಡ್ಡ ಯಂತ್ರವೇನಲ್ಲ. ವ್ಯಾನ್ ನಿಲ್ಲಿಸುವ ಜಾಗಕ್ಕೆ ಬಾಗಿದ್ದ ಕೊಂಬೆಗಳು ದಿನಾ ಬೆಳಿಗ್ಗೆ ಅದರ ನೆತ್ತಿ ಕೆರೆಯುತ್ತಿದ್ದವು. ತೋಳಿನಷ್ಟು ದಪ್ಪವೂ ಇಲ್ಲದ ಕೊಂಬೆಗಳು. ಕೈಗರಗಸದಲ್ಲೇ ಕೊಯ್ದು ಬಿಸಾಕಬಹುದಿತ್ತು. ಇವತ್ತು ನಾಳೆ ಎಂದು ಗಂಡ ಸಬೂಬು ಹೇಳುತ್ತಲೇ ಬಂದ. ಕೊನೆಗೆ ಅವಳೇ ಬೇಸತ್ತು, ಕಮ್ಮಿ ರೇಟಿನದೊಂದು ಬ್ಯಾಟರಿ ಗರಗಸ ತಗೊಂಡುಬಿಡೋಣ, ಗುಂಡಿ ಒತ್ತಿದರೆ ಅದೇ ಕೊಯ್ಯುತ್ತದೆ ಎಂದು ಎಳೆದುಕೊಂಡು ಬಂದಿದ್ದಳು.

ಆ ಗುಂಡಿಯೇ ಈಗ ಡ್ರೈವರನಿಗೆ ಎದುರಾಗಿ ನಿಂತಿತ್ತು. ಅಂಗಡಿಯಲ್ಲಿದ್ದ ಗರಗಸಗಳೆಲ್ಲ ಒಂದೇ ಜಾತಿಯವು. ಬದಿಯ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದೇ ತೋರುಬೆರಳಲ್ಲಿ ಕೆಳಗಿನ ಟ್ರಿಗರ್ ಎಳೆಯಬೇಕು. ಅವನ ಬಲಗೈ ಹೆಬ್ಬೆರಳು ತಿಂಗಳುಗಳಿಂದ ಅವನ ಮಾತು ಕೇಳುತ್ತಿರಲಿಲ್ಲ. ನೋವಿಲ್ಲ, ಊತವಿಲ್ಲ, ಸುಮ್ಮನೆ ಜೀವವೇ ಇಲ್ಲ. ಗುಂಡಿಯ ಅಂಗಿ ಬಿಟ್ಟು ತಲೆಯಿಂದ ಹಾಕಿಕೊಳ್ಳುವ ಅಂಗಿ ಹಿಡಿದಿದ್ದ. ಕೇಳಿದರೆ ಸೆಕೆ ಎನ್ನುತ್ತಿದ್ದ. ತಿರುವುಗಳಲ್ಲಿ ಅಂಗೈಯನ್ನು ಸ್ಟಿಯರಿಂಗಿಗೆ ಒತ್ತಿ ಹೇಗೋ ನಿಭಾಯಿಸುತ್ತಿದ್ದ. ಮೊನ್ನೆ ಒಂದು ತಿರುವಿನಲ್ಲಿ ಕೈ ಜಾರಿ ವ್ಯಾನ್ ಚರಂಡಿಯ ಅಂಚು ಮುಟ್ಟಿ ಬಂತು. ಒಳಗಿದ್ದ ಶಾಲೆಯ ಮಕ್ಕಳು ಮಜವೆಂದುಕೊಂಡು ಹೋ ಎಂದು ಕೂಗಿ ನಕ್ಕವು. ಡ್ರೈವರನ ಬೆನ್ನು ಬೆವರಿ ತೊಪ್ಪೆಯಾಗಿತ್ತು. ಅವನ ಕೈ ಸರಿಯಿಲ್ಲವಂತೆ ಎಂಬ ಪಿಸುಮಾತು ಒಬ್ಬ ತಾಯಿಯ ಕಿವಿಗೆ ಬಿದ್ದರೂ ಸಾಕು, ಮರುದಿನ ವ್ಯಾನ್ ಖಾಲಿ. ಬೇರೆ ಕಸುಬು ಅವನಿಗೆ ಗೊತ್ತಿಲ್ಲ. ಕಲಿಯುವ ತಾಳ್ಮೆಯಂತೂ ಹುಟ್ಟಿದಾಗಿನಿಂದಲೇ ಇಲ್ಲ.

ಅಂಗಡಿಯವನು ಮಾತಿನ ಮಲ್ಲ. ಮನೆಯಂಗಳದ ಕೊಂಬೆಗೆ ಮೊಳದುದ್ದದ ಅಲಗು ಯಾಕೆ, ಗೇಣುದ್ದದ್ದು ಧಾರಾಳವಾಯಿತು, ಕಂಪನಿ ಹೆಸರಿಗೆ ದುಡ್ಡು ಸುರಿಯಬೇಡಿ, ಚೈನಿಗೆ ಆಗಾಗ ಎಣ್ಣೆ ಬಿಟ್ಟುಕೊಳ್ಳಿ, ಬ್ಯಾಟರಿ ಮಾತ್ರ ಒಂದು ಜಾಸ್ತಿಯೇ ಇರಲಿ ಎಂದು ಹೇಳುತ್ತ ಹೇಳುತ್ತಲೇ ಒಳಗಿನಿಂದ ಇನ್ನೊಂದನ್ನು ತಂದ. ಹಸಿರು ಬಣ್ಣದ್ದು. ಬೆಕ್ಕಿನ ಮರಿ ಎತ್ತಿಕೊಂಡಷ್ಟು ಹಗುರ. ಬ್ಯಾಟರಿಯನ್ನು ಕಟಕ್ಕನೆ ಕೂರಿಸಿ, ಕೌಂಟರಿನ ಪಕ್ಕದ ಸ್ಟ್ಯಾಂಡಿಗೆ ಮರದ ತುಂಡೊಂದನ್ನು ಬಿಗಿದ.

“ಅಣ್ಣ, ನಾನು ಹೇಳೋದು ಬೇಡ, ನೀವೇ ಕೊಯ್ದು ನೋಡಿ.”

“ನಂಗೆ ನೋಡಿದ್ರೇ ಗೊತ್ತಾಗುತ್ತೆ.”

“ಮೂರನ್ನೂ ಕೈಲಿ ಹಿಡಿದ್ರಿ, ಒಂದನ್ನೂ ಓಡಿಸ್ಲಿಲ್ಲ. ಹಿಂಗಾದ್ರೆ ಇದೂ ಬೇಜಾರು ಮಾಡ್ಕೊಳ್ಳುತ್ತೆ, ಪಾಪ.”

ಹೆಂಡತಿ ನಕ್ಕಳು. ಡ್ರೈವರನ ಸಿಟ್ಟು ನೆತ್ತಿಗೇರಿತು. ಗರಗಸವನ್ನು ಕಿತ್ತುಕೊಂಡು ತುಂಡಿನ ಮುಂದೆ ನಿಂತ. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿದ. ಬೆರಳು ಜಾರಿ ಬದಿಗೆ ಬಿತ್ತು. ಮತ್ತೆ ಇಟ್ಟ. ಭುಜದವರೆಗೂ ಬಿಗಿ ಬಂತು, ಕತ್ತಿನ ನರ ಉಬ್ಬಿತು. ಗುಂಡಿ ಮಾತ್ರ ಕೂದಲೆಳೆಯಷ್ಟೂ ಒಳಗೆ ಹೋಗಲಿಲ್ಲ.

“ಇಂಥ ಮಾಲು ಇಟ್ಕೊಂಡು ವ್ಯಾಪಾರ ಮಾಡ್ತೀಯಾ? ಗುಂಡಿ ಜಾಮ್ ಆಗಿದೆ. ನಡಿಯೇ, ಹೋಗೋಣ.”

ಅವಳು ನಡೆಯಲಿಲ್ಲ. ಕೈಚೀಲವನ್ನು ಕೌಂಟರ್ ಮೇಲಿಟ್ಟು ಅವನ ಕೈಯಿಂದ ಗರಗಸವನ್ನು ತೆಗೆದುಕೊಂಡಳು. ಎಳೆಯಬೇಕಾಗಲಿಲ್ಲ, ಅದು ತಾನಾಗಿಯೇ ಬಂತು. ಅಂಗಡಿಯವನು ತೋರಿಸಿದಂತೆ ಹಿಡಿದು ಒತ್ತಿದಳು. ಗರಗಸ ಝುಯ್ಯೆಂದು ಮರದೊಳಗೆ ಇಳಿಯಿತು. ಅರ್ಧ ತುಂಡು ನೆಲಕ್ಕೆ ಬಿತ್ತು. ಮರದ ಹೊಟ್ಟು ಡ್ರೈವರನ ಅಂಗಿಯ ಮೇಲೆಲ್ಲ ಹಾರಿತು.

“ಅಕ್ಕನ ಕೈಗೆ ಹೆಂಗೆ ಒಗ್ಗಿತು ನೋಡಿ” ಎಂದು ಅಂಗಡಿಯವನು ಹಲ್ಲುಬಿಟ್ಟ. ಆಮೇಲೆ ಡ್ರೈವರನ ಮುಖ ಕಂಡು, ಬಿಲ್ ಬರೆಯುವ ನೆಪದಲ್ಲಿ ತಲೆ ತಗ್ಗಿಸಿದ.

ವ್ಯಾನ್ ಹತ್ತಿದ್ದೇ ಡ್ರೈವರ್ ಬಾಯಿಗೆ ಬಂದಂತೆ ಬೈಯತೊಡಗಿದ. ಅಂಗಡಿಯವನ ಕೊಬ್ಬು, ಈಗಿನ ಮಾಲಿನ ಗತಿ, ಕಂಡವರ ಮುಂದೆ ಗಂಡನ ಮರ್ಯಾದೆ ತೆಗೆಯುವ ಹೆಂಗಸರು, ಯಾವುದನ್ನೂ ಬಿಡಲಿಲ್ಲ. ಅವಳು ಹಸಿರು ಗರಗಸದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತ ಕುಳಿತಳು. ಬೈಗುಳ ಮುಗಿದರೂ ವ್ಯಾನ್ ಹೊರಡಲಿಲ್ಲ. ಕೀ ಸಿಕ್ಕಿಸಿದ ಬಲಗೈ ಅದನ್ನು ತಿರುಗಿಸಲಾರದೆ ಸಿಕ್ಕಿಸಿದಲ್ಲೇ ನಿಂತಿತ್ತು. ಎಡಗೈ ಮೊಣಕಾಲಿನ ಮೇಲೆ ಚಡಪಡಿಸುತ್ತಿತ್ತು. ಹಿಂದೆ ಯಾರೋ ಜಾಗ ಬಿಡಿ ಎಂದು ಹಾರ್ನ್ ಹೊಡೆದರು, ಇನ್ನೊಮ್ಮೆ ಹೊಡೆದರು.

ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

“ದಿನಾ ಮಾಡೋ ಹಾಗೆ ಎಡಗೈಲೇ ಕೀ ತಿರುಗಿಸಿ, ನಾನು ನೋಡಲ್ಲ” ಎಂದಳು. “ಇವತ್ತು ಹಿಂದೆ ಯಾರ ಮಕ್ಕಳೂ ಇಲ್ಲ.”