ಅರ್ಧ ಬನ್ನು

‘ಅಳು ಬಂದ್ರೆ ತಡೀಬೇಡಿ,’ ಎಂದು ಕಾರ್ಮಿಕರ ಸಂಘದ ಕಾರ್ಯದರ್ಶಿ ಪಿಸುಗುಟ್ಟಿದ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

ಪಕ್ಕದಲ್ಲಿದ್ದ ಹೊಲಿಗೆಯವಳು ತಲೆ ಎತ್ತಲಿಲ್ಲ. ಸಮಿತಿಯ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು, ಅವನು ಕೊಡಿಸಿದ ಬನ್ನನ್ನು ಸರಿಯಾಗಿ ಎರಡು ಭಾಗ ಮಾಡಿದ್ದಳು. ಒಂದನ್ನು ತಿಂದು, ಇನ್ನೊಂದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಪಾಪ, ದುಃಖಕ್ಕೆ ತುತ್ತು ಇಳಿಯುತ್ತಿಲ್ಲ ಎಂದು ಅವನು ಅಂದುಕೊಂಡ. ಈಚೆಗೆ ಜನರ ದುಃಖವನ್ನು ತೂಗಿ ನೋಡುವುದೇ ಅವನ ಕಸುಬಾಗಿತ್ತು.

ರಾಜ್ಯದ ಆರೋಗ್ಯ ವಿಮೆ ತಿಂಗಳ ಸಂಬಳದವರಿಗೆ ಮಾತ್ರ. ದಿನಗೂಲಿಯವರಿಗೂ ಮನೆಯಲ್ಲೇ ಹೊಲಿಯುವವರಿಗೂ ಅದನ್ನು ವಿಸ್ತರಿಸುವ ಮಸೂದೆ ಇವತ್ತು ಶಾಸಕರ ಸಮಿತಿಯ ಮುಂದಿತ್ತು. ಹಿಂದೆ ಎರಡು ಸಲ ಬಿದ್ದುಹೋಗಿದ್ದ ಮಸೂದೆ. ಆಗೆಲ್ಲ ಅವನು ಅಂಕಿಅಂಶ ಹೊತ್ತು ಹೋಗಿದ್ದ. ಸದಸ್ಯರು ತಲೆದೂಗಿ, ಚಹಾ ಕುಡಿದು ಎದ್ದಿದ್ದರು.

ಈ ಸಲ ಅವನು ಬುದ್ಧಿ ಕಲಿತಿದ್ದ. ಸಾವು ಬೇಕು. ಸಂಘಕ್ಕೆ ಬಂದ ಕಾಯಿಲೆಯವರನ್ನೆಲ್ಲ ನಯವಾಗಿ ಸಾಗಹಾಕಿದ್ದ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಿದ್ದ ಪೇಂಟರನಿಗಂತೂ ಕೂರಿ ಅಂತಲೂ ಅಂದಿರಲಿಲ್ಲ. ಆ ಮುಖ ನೆನಪಾದಾಗಲೆಲ್ಲ ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದ. ಆದರೆ ವಾರದೊಳಗೆ ಇವಳು ಬಂದು, ಗಂಡ ತೀರಿಕೊಂಡ ಎಂದಳು. ಅವನು ಬಾಯಲ್ಲಿ ಅಯ್ಯೋ ಎಂದ. ಮನಸ್ಸು ‘ಸದ್ಯ!’ ಎಂದಿತು.

‘ಅವರದೊಂದು ಫೋಟೋ ತಂದಿದ್ರೆ ಚೆನ್ನಾಗಿತ್ತು.’

‘ಬೇಡ ಸಾರ್. ಯಾರಾದ್ರೂ ಗುರುತು ಹಿಡಿದಾರು.’

ಮಾನಕ್ಕೆ ಅಂಜುವ ಹೆಂಗಸು. ಅವನು ಒತ್ತಾಯಿಸಲಿಲ್ಲ.

‘ಇದು ಪಾಸಾದ್ರೆ ಯಾವಾಗಿಂದ ಸಿಗುತ್ತೆ ಸಾರ್?’ ಬೆಳಗಿನಿಂದ ಅವಳು ಇದನ್ನು ಎರಡನೇ ಸಲ ಕೇಳಿದಳು.

‘ಸದನ ಒಪ್ಪಿದ ಮೇಲೆ ಒಂದೆರಡು ತಿಂಗಳು. ಏನು ಮಾಡೋದಮ್ಮ, ನಿಮ್ಮನೇವ್ರಿಗೆ ತಡವಾಯ್ತು.’

‘ಇನ್ನೂ ತಡ ಆಗದಿದ್ರೆ ಸಾಕು,’ ಎಂದಳು.

ಒಳಗೆ ಅವಳು ಅಳಲೇ ಇಲ್ಲ. ನೆಲ ನೋಡುತ್ತಲೇ ಮಾತಾಡಿದಳು. ಗಂಡನ ಹೃದಯದ ಕವಾಟ ಕೆಟ್ಟಿತ್ತು. ಆಪರೇಷನ್ ಆದರೆ ಉಳಿಯುತ್ತಾರೆ ಎಂದು ಡಾಕ್ಟರು ಹೇಳಿದರು. ವಿಮೆ ಇದೆಯಾ ಎಂದು ಕೌಂಟರಿನವರು ಕೇಳಿದರು.

‘ಮಲಗೋಕಾಗ್ತಿರ್ಲಿಲ್ಲ. ಗೋಡೆಗೆ ಒರಗಿ ಕೂತೇ ಇರ್ತಿದ್ರು. ನಾನು ಹೊಲೀತಾ ಹೊಲೀತಾ ಮಿಷನ್ ನಿಲ್ಲಿಸ್ತಿದ್ದೆ. ಉಸಿರು ಕೇಳಿಸುತ್ತಾ ಅಂತ.’

ಯಾವತ್ತೂ ಮುಖ ಗಂಟಿಕ್ಕಿಕೊಂಡೇ ಇರುವ ಹಿರಿಯ ಸದಸ್ಯರು ಕನ್ನಡಕ ತೆಗೆದು ಒರೆಸಿಕೊಂಡರು.

‘ಆಮೇಲೆ?’ ಎಂದರು ಅಧ್ಯಕ್ಷೆ, ಮೆಲ್ಲಗೆ.

ಅವಳ ಮುಖ ಕೆಂಪಾಯಿತು. ಕದ್ದು ಸಿಕ್ಕಿಬಿದ್ದವರ ಹಾಗೆ ಚೀಲವನ್ನು ಅವುಚಿಕೊಂಡಳು. ‘ಆಮೇಲೆ... ಹೋಗ್ಬಿಟ್ರು.’

ಮಸೂದೆಯನ್ನು ಮತಕ್ಕೆ ಹಾಕಿದಾಗ ಕೈಗಳು ಒಂದೊಂದಾಗಿ ಮೇಲೆದ್ದವು. ಹಿರಿಯ ಸದಸ್ಯರ ಕೈಯೂ ಎದ್ದಿತು. ಮಸೂದೆ ಸದನಕ್ಕೆ ಹೋಗುವುದು ಖಾತ್ರಿಯಾಯಿತು. ಕೈ ಕುಲುಕಲು ಬಂದವರಿಂದ ಬಿಡಿಸಿಕೊಂಡು ಕಾರ್ಯದರ್ಶಿ ತಿರುಗಿ ನೋಡಿದರೆ ಹೊಲಿಗೆಯವಳು ಇಲ್ಲ. ಒಂದು ಕೃತಜ್ಞತೆಯ ಮಾತನ್ನಾದರೂ ಹೇಳೋಣವೆಂದು ಮೆಟ್ಟಿಲಿಳಿದು ಓಡಿದ.

ಅವಳು ಗೇಟಿನ ಆಚೆ ನಿಂತಿದ್ದಳು. ಪಕ್ಕದಲ್ಲಿ ಒಬ್ಬ ಗಂಡಸು ಕಾಂಪೌಂಡಿಗೆ ಒರಗಿ ಕೂತು, ತುತ್ತಿಗೊಮ್ಮೆ ಸುಧಾರಿಸಿಕೊಳ್ಳುತ್ತ ಅರ್ಧ ಬನ್ನು ತಿನ್ನುತ್ತಿದ್ದ. ಅವನ ಚಪ್ಪಲಿಯ ಮೇಲೆಲ್ಲ ಬಿಳಿ ಬಣ್ಣದ ಹನಿಗಳು. ಅವನು ತಲೆ ಎತ್ತಿದ. ಕಾರ್ಯದರ್ಶಿಗೆ ಆ ಮುಖದ ಗುರುತು ಸಿಕ್ಕಿತು.

‘ಬದುಕಿರೋರ ಕಥೆಗೆ ಯಾರೂ ಕೈ ಎತ್ತಲ್ಲ ಅಂತ ನೀವೇ ಇವ್ರಿಗೆ ಹೇಳಿ ಕಳಿಸಿದ್ರಂತಲ್ಲ ಸಾರ್,’ ಎಂದಳು ಅವಳು, ನೆಲ ನೋಡುತ್ತಲೇ.