ಕಡುಗೆಂಪು ಲೈನಿಂಗ್

ಮೂರನೆಯ ಸಲ ಬಾಗಿಲು ಬಡಿದಾಗ ಒಳಗೆ ರೇಡಿಯೋ ನಿಂತಿತು. ಅಂದರೆ ನಾದಿನಿ ಮನೆಯಲ್ಲೇ ಇದ್ದಾಳೆ. ಮಗಳೂ ಇದ್ದಾಳೆ.

"ಬಾಗಿಲು ತೆಗಿ. ನನ್ನ ಮಗಳನ್ನ ಕರ್ಕೊಂಡು ಹೋಗೋಕೆ ಬಂದಿದೀನಿ."

ದರ್ಜಿ ಹೆಂಗಸು ಕಂಕುಳಲ್ಲಿದ್ದ ಪೊಟ್ಟಣವನ್ನು ಇನ್ನಷ್ಟು ಒತ್ತಿ ಹಿಡಿದಳು. ಅದರೊಳಗೆ ಹಳದಿ ಫ್ರಾಕ್ ಇತ್ತು. ಗಿರಾಕಿಗಳ ಬಟ್ಟೆಯನ್ನೆಲ್ಲ ಪಕ್ಕಕ್ಕಿಟ್ಟು ನಾಲ್ಕು ದಿನ ಕೂತು ಹೊಲಿದದ್ದು. ಗಲ್ಲಿಯ ತಿರುವಿನಲ್ಲಿ ಟ್ಯಾಕ್ಸಿ ನಿಂತಿತ್ತು. ಅದರಲ್ಲಿ ಅವಳ ಅಮ್ಮ ಕೂತು ಗಡಿಯಾರ ನೋಡುತ್ತಿದ್ದಳು. ಹನ್ನೊಂದರೊಳಗೆ ಊರಾಚೆ, ಎಲ್ಲರೂ ದೊಡ್ಡಜ್ಜಿ ಎನ್ನುವ ಮುದುಕಿಯ ಮನೆ ಮುಟ್ಟಬೇಕು. ಆ ಮುದುಕಿ ಯಾರಿಗೂ ಕಾಯುವವಳಲ್ಲ. ಏಳು ತುಂಬಿದ ಹುಡುಗಿಯನ್ನು ಹೊಸ ಬಟ್ಟೆ ಹಾಕಿಸಿ ಅವಳ ಮನೆಗೆ ಕರೆದೊಯ್ಯುವುದು ತಾಯಿಯ ಹಕ್ಕು. ಆ ಹಕ್ಕಿಗೇ ನಾದಿನಿ ಕಲ್ಲು ಹಾಕಿದ್ದಳು.

ಸಿಟ್ಟು ಇವತ್ತಿನದಲ್ಲ. ಮಗಳು ಚೋಟುದ್ದದ, ದುಂಡು ಮುಖದ ಹುಡುಗಿ. ದರ್ಜಿಯ ಮನೆಯಲ್ಲಿ ಹುಟ್ಟಿದ ತಪ್ಪಿಗೆ ಎಲ್ಲರ ಬಾಯಲ್ಲೂ 'ಗುಂಡಿ'. ಅವಳಿಗೆ ಸೈಕಲ್ ಕಲಿಸಿದ್ದು ಅತ್ತೆ. ಹಲ್ಲು ಬಿದ್ದಾಗ ಓಡಿಹೋಗಿ ತೋರಿಸಿದ್ದು ಅತ್ತೆಗೆ. ಜ್ವರದಲ್ಲಿ ಕನವರಿಸಿದ್ದೂ ಅತ್ತೆಯ ಹೆಸರನ್ನೇ. ಅವತ್ತು ತಾಯಿಗೆ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಗಿತ್ತು. ಮೂರು ದಿನ ನೋವು ತಿಂದು, ಸತ್ತು ಬದುಕಿ ಹೆತ್ತವಳು ಅವಳು. ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಎನ್ನುತ್ತಾರೆ. ಈ ಹುಡುಗಿಯ ನಾಲಿಗೆಗೆ ಉಪ್ಪೇ ಹತ್ತುತ್ತಿರಲಿಲ್ಲ.

ನಾದಿನಿಗೆ ಮಕ್ಕಳಿಲ್ಲ, ಹೆತ್ತದ್ದೊಂದು ಕಣ್ಣು ಬಿಡಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ದಿನಾ ಊರವರ ಮಕ್ಕಳನ್ನೆಲ್ಲ ಎತ್ತಿಕೊಂಡರೂ ಸಾಲದೆ ನನ್ನದಕ್ಕೂ ಕೈ ಹಾಕಿದ್ದಾಳೆ, ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ದರ್ಜಿ ಹೊಲಿಗೆಗೆ ಬಂದವರಿಗೆಲ್ಲ ಹೇಳಿಕೊಂಡಿದ್ದಳು.

ಮೊನ್ನೆ ನಾದಿನಿ ಅಂಗಡಿಗೆ ಬಂದಾಗ ಫ್ರಾಕ್ ಗೋಡೆಯ ಮೊಳೆಗೆ ತೂಗುತ್ತಿತ್ತು.

"ಚೆನ್ನಾಗಿದೆ ಅತ್ತಿಗೆ," ಎಂದು ಅಂಚು ಮಗುಚಿ ನೋಡಿದಳು. ಒಳಗೆ ಕಡುಗೆಂಪು ಲೈನಿಂಗ್. "ಹಳದಿಗೆ ಬಿಳಿ ಲೈನಿಂಗ್ ಅಲ್ವಾ ಹಾಕೋದು?"

"ಇದ್ರಲ್ಲಿ ಕೊಳೆ ಕಾಣಲ್ಲ," ಎಂದಳು ದರ್ಜಿ, ಸೂಜಿಯಿಂದ ಕಣ್ಣೆತ್ತದೆ.

ನಾದಿನಿಯ ಮುಖ ಬಿಳಿಚಿಕೊಂಡಿತು. ಹೊಲಿದು ಹಾಕಲು ಸ್ವಂತ ಮಗಳಿಲ್ಲದವಳು, ಹೊಟ್ಟೆ ಉರಿದಿರಬೇಕು ಎಂದು ದರ್ಜಿಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ಗುಂಡಿಗೆ ಐಸ್‌ಕ್ರೀಮ್ ಕೊಡಿಸಿಕೊಂಡು ಬರ್ತೀನಿ ಎಂದು ಕರೆದೊಯ್ದವಳು ವಾಪಸು ತಂದು ಬಿಡಲೇ ಇಲ್ಲ. ಗಂಡನಿಗೆ ಹೇಳಿದರೆ, ಹೆಂಗಸರ ವಿಷಯ ನೀವು ನೀವೇ ನೋಡ್ಕೊಳ್ಳಿ ಎಂದು ಪೇಪರಿನ ಹಿಂದೆ ಮುಖ ಅಡಗಿಸಿದ.

"ಅತ್ತಿಗೆ, ಮನೆಗೆ ಹೋಗಿ." ನಾದಿನಿಯ ದನಿ ಬಾಗಿಲಿಗೆ ಹತ್ತಿರದಲ್ಲೇ ಇತ್ತು. ಚಿಲಕ ಅಲುಗಲಿಲ್ಲ.

"ಹೆತ್ತಿದ್ದು ನಾನು ಕಣೇ. ನೀನೂ ಒಂದನ್ನ ಸಾಕಿದ್ರೆ ಗೊತ್ತಾಗ್ತಿತ್ತು."

ಮಾತು ಜಾರಿದ ಮೇಲೆ ಅವಳಿಗೇ ಕಸಿವಿಸಿಯಾಯಿತು.

"ನಂದು ಯಾಕೆ ಉಳಿಯಲಿಲ್ಲ ಅಂತ ಡಾಕ್ಟರು ಹೇಳಿದ್ರು ಅತ್ತಿಗೆ. ಏಳು ವರ್ಷಕ್ಕೆ ತೊಡೆ ಸಂದೀಲಿ ಕೊಯ್ದು ಗಾಯ ಆದ ಜಾಗ ಹಿಗ್ಗಲ್ಲ, ಮಗು ಹೊರಗೆ ಬರೋಕೆ ಆಗಲಿಲ್ಲ. ನಿಮಗೆ ಮೂರು ದಿನ ಹಿಡೀತಲ್ಲ, ಅದಕ್ಕೂ ಅದೇ ಕಾರಣ."

"ಬಾಯಿ ಮುಚ್ಚು."

"ಅವತ್ತು ನಂಗೆ ಹಾಕಿದ್ದ ಫ್ರಾಕೂ ಹಳದೀನೇ. ಲೈನಿಂಗೂ ಇದೇ ಬಣ್ಣ, ರಕ್ತ ಕಾಣಬಾರದು ಅಂತ. ದೊಡ್ಡಜ್ಜಿ ಬ್ಲೇಡಿಗೆ ಗುಂಡೀನ ಕೊಡಲ್ಲ. ಅವಳ ಮೈಯಲ್ಲಿ ಕೊಯ್ದು ಬಿಸಾಡೋ ಅಂಥದ್ದು ಏನೂ ಇಲ್ಲ. ಬೇಕಾದ್ರೆ ಪೊಲೀಸರನ್ನ ಕರೀರಿ. ಕಾನೂನು ಯಾರ ಕಡೆ ಇದೆ ಅಂತ ಅವರೇ ಹೇಳ್ಲಿ."

ದರ್ಜಿ ಮೆಟ್ಟಿಲ ಮೇಲೆ ಕೂತಳು. ದೊಡ್ಡಜ್ಜಿಯ ಕೋಣೆ ಕಣ್ಣಿಗೆ ಬಂತು. ಅಂದು ಅಮ್ಮನೇ ತನ್ನ ಭುಜ ಒತ್ತಿ ಹಿಡಿದಿದ್ದಳು. ಬಾಗಿಲು ಅರ್ಧ ತೆರೆದಿತ್ತು, ಬೀದಿ ಕಾಣುತ್ತಿತ್ತು. ಯಾರಾದರೂ ಬರುತ್ತಾರೆ ಎಂದು ಏಳು ವರ್ಷದವಳು ಕೊನೆಯವರೆಗೂ ಆ ಬಾಗಿಲನ್ನೇ ನೋಡಿದ್ದಳು.

"ಅಮ್ಮಾ," ಒಳಗಿನಿಂದ ಮಗಳ ದನಿ. "ನನ್ನ ಫ್ರಾಕ್ ತಂದ್ಯಾ?"

ದರ್ಜಿ ಪೊಟ್ಟಣವನ್ನು ಬೆನ್ನ ಹಿಂದೆ ಸರಿಸಿದಳು.

"ಇನ್ನೂ ಆಗಿಲ್ಲ ಕಂದಾ. ಲೈನಿಂಗ್ ಬಿಚ್ಚಿ ಬೇರೆ ಹಾಕ್ಬೇಕು."

ಟ್ಯಾಕ್ಸಿ ಹಾರ್ನ್ ಹೊಡೆಯಿತು. ಅವಳು ಎದ್ದು ಹೋಗಿ ಅಮ್ಮನ ಪಕ್ಕದಲ್ಲಿ ಕೂತು ಬಾಗಿಲು ಎಳೆದುಕೊಂಡಳು.

"ಮಗು ಎಲ್ಲೇ?"

"ಮನೆಗೆ ಬೀಗ ಹಾಕಿದೆ. ಊರಲ್ಲಿಲ್ಲ."

"ಹಾಗಾದ್ರೆ ಮುಂದಿನ ವಾರ."

"ಮುಂದಿನ ವಾರಾನೂ ಇರಲ್ಲ ಅಮ್ಮ."

ಟ್ಯಾಕ್ಸಿ ಹೊರಟಿತು. ಹೊಟ್ಟೆಯಲ್ಲಿನ ಕೆಂಡ ಇನ್ನೂ ಆರಿರಲಿಲ್ಲ. ಅದು ಯಾರ ಮೇಲೆ ಉರಿಯುತ್ತಿದೆ ಎಂದು ಅವಳಿಗೆ ಈಗ ತಿಳಿಯಿತು: ತನಗೆ ಅಂದು ಸಿಗದ, ಬಾಗಿಲಿಗೆ ಚಿಲಕ ಹಾಕಿ ನಿಲ್ಲುವವಳೊಬ್ಬಳನ್ನು ಪಡೆದುಕೊಂಡು ಬಂದ ತನ್ನ ಮಗಳ ಮೇಲೆ.