ಕೆಂಪಾಗದ ಕೆನ್ನೆ

ಅಧಿಕಾರಿಯಾದವನ ಮುಖ ಕೆಂಪಾಗಬಾರದೆಂಬುದು ಕೆರೆ ಇಲಾಖೆಯ ಹಳೆಯ ನಿಯಮ. ಕೆನ್ನೆಯ ರಕ್ತನಾಳ ಮುಚ್ಚಿಸಿಕೊಳ್ಳದವರಿಗೆ ಬಡ್ತಿಯಿಲ್ಲ. ನಾಲ್ಕು ಸಲ ಹಿಂದೇಟು ಹಾಕಿದ್ದ ಕಿರಿಯ ಎಂಜಿನಿಯರ್ ರುದ್ರಮುನಿ ಕೊನೆಗೂ ಆಸ್ಪತ್ರೆಯಲ್ಲಿ ಮಲಗಿದ್ದ. ಡಾಕ್ಟರ್ ಸುನಂದಾ ಅವನ ಮಣಿಕಟ್ಟಿನಿಂದ ಎಳೆಯಂಥ ನಳಿಕೆ ತೂರಿಸಿ, ಕೆನ್ನೆಯ ನಾಳದೊಳಕ್ಕೆ ಪಾಲಿಮರ್ ಅಂಟು ಬಿಟ್ಟರು. ಅವನು ಮನಸ್ಸಿನಲ್ಲೇ ಹದಿನೇಳರ ಮಗ್ಗಿ ಮುಗಿಸುವಷ್ಟರಲ್ಲಿ ಅಂಟು ಗಟ್ಟಿಯಾಯಿತು.

ಪರೀಕ್ಷಿಸಲು ಮೇಲಧಿಕಾರಿ ಹಾಲಪ್ಪನವರು ಬಂದರು. ತಲೆಯ ಮೇಲೆ ಎಂದಿನಂತೆ ಮೈಸೂರು ಪೇಟ, ಕೈಯಲ್ಲಿ ಇನ್ನೊಂದು ಹೊಸ ಪೇಟ.

“ಹೇಳಪ್ಪ, ಹಿರೇಕೆರೆ ಹೂಳು ತೆಗೆಸಿದೀಯಾ?”

ಆ ಕೆರೆಗೆ ಒಂದು ಬುಟ್ಟಿಯೂ ಇಳಿದಿರಲಿಲ್ಲ.

“ಪೂರ್ತಿ ತೆಗೆಸಿದೀನಿ ಸರ್,” ಎಂದ ರುದ್ರಮುನಿ.

ಹಾಲಪ್ಪನವರಿಗೆ ಉತ್ತರ ಬೇಕಿರಲಿಲ್ಲ, ಅವರು ಕೆನ್ನೆಯನ್ನೇ ನೋಡುತ್ತಿದ್ದರು. ಕೆನ್ನೆ ಸುಣ್ಣ ಬಳಿದ ಗೋಡೆಯಂತಿತ್ತು. ಆದರೆ ಎರಡೂ ಕಿವಿ ದಾಸವಾಳದಂತೆ ಕೆಂಪಾಗಿದ್ದವು. ರುದ್ರಮುನಿ ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡ. ಬಡ್ತಿ ಕೈತಪ್ಪಿತೆಂದೇ ಅವನೆಣಿಸಿದ.

“ಒಂದು ದಾರಿ ಮುಚ್ಚಿದ್ರೆ ರಕ್ತ ಇನ್ನೊಂದು ಹುಡುಕ್ಕೊಳ್ಳುತ್ತೆ,” ಎಂದರು ಡಾಕ್ಟರ್. “ಎಲ್ಲರಿಗೂ ಹೀಗೇ ಆಗೋದು.”

ಹಾಲಪ್ಪನವರು ಏನೂ ಆಗದವರಂತೆ ಹೊಸ ಪೇಟವನ್ನು ಅವನ ತಲೆಗಿಟ್ಟು, ಎರಡೂ ಕಿವಿ ಮುಚ್ಚುವಂತೆ ಕೆಳಕ್ಕೆ ಎಳೆದರು. ನೌಕರಿಗೆ ಸೇರಿದಂದಿನಿಂದ ಒಬ್ಬ ಮೇಲಧಿಕಾರಿಯ ಕಿವಿಯನ್ನೂ ತಾನು ಕಂಡಿಲ್ಲವೆಂಬುದು ರುದ್ರಮುನಿಗೆ ಆಗ ಹೊಳೆಯಿತು.

“ಸರ್, ಇದನ್ನ ಹಾಕ್ಕೊಂಡ್ರೆ ಜನ ಹೇಳೋದು ಕೇಳಿಸೋದೇ ಇಲ್ವಲ್ಲ,” ಎಂದ.

ಹಾಲಪ್ಪನವರು ತಮ್ಮ ಪೇಟವನ್ನು ಇನ್ನಷ್ಟು ಕೆಳಕ್ಕೆಳೆದುಕೊಳ್ಳುತ್ತ ಕೇಳಿದರು: “ಏನಂದೆ?”